ಹಾಳೂರುಗಳ ಆಪ್ತಬಂಧು ಕರ್ನಲ್ ಮೆಕೆಂಜಿ

ನಮ್ಮ ಸೀಮೆಯಲ್ಲಿ ಹಾಳುಗುಡಿಯೆಂದೊಡನೆ ಜನರಿಗೆ ಮೊದಲು ನೆನಪಾಗುವುದು ನಿಧಿ. ಬೆಟ್ಟದ ಮೇಲಿನ ಕೋಟೆಯಾಗಲಿ, ಹೊಲದ ನಡುವಣ ಮುರುಕು ಮಂಟಪವಾಗಲಿ, ಅಲ್ಲಿ ಕೊಪ್ಪರಿಗೆ ಹೊನ್ನು ಹೂಳಿದೆಯೆಂಬ ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಆ ಮಾತನ್ನು ನಂಬಿದವರು ಅಮಾವಾಸ್ಯೆಯ ಇರುಳಿನಲ್ಲಿ ಹಾರೆ ಗುದ್ದಲಿಗಳೊಡನೆ ಹೋಗಿ, ಗರ್ಭಗುಡಿಯ ನೆಲವನ್ನು ಅಗೆದು, ನಂದಿಯ ವಿಗ್ರಹವನ್ನು ಸೀಳಿ, ಬರಿಗೈಯಲ್ಲಿ ಹಿಂದಿರುಗುವರು. ಮರುದಿನ ದನ ಕಾಯುವ ಹುಡುಗರು ಒಡೆದ ಕಲ್ಲನ್ನು ಕಂಡು ಊರಿಗೆ ಸುದ್ದಿ ತರುವರು. ನಾಲ್ಕು ದಿನ ಮಾತಾಗಿ, ಐದನೆಯ ದಿನ ಎಲ್ಲರೂ ಮರೆಯುವರು.

ಇದೇ ಹಾಳುಗಳ ನಡುವೆ ಇನ್ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಒಬ್ಬ ಪರದೇಶಿ ಬೇರೊಂದು ಬಗೆಯ ನಿಧಿಯನ್ನು ಹುಡುಕುತ್ತ ಅಲೆದನು. ಆತನ ಕೈಯಲ್ಲಿ ಹಾರೆಯಿರಲಿಲ್ಲ. ಅಳತೆಯ ಸರಪಳಿಯೂ ಕಾಗದವೂ ಇದ್ದುವು. ಈ ಊರಿನ ಹೆಸರೇನು, ಇದನ್ನು ಕಟ್ಟಿಸಿದವರಾರು, ಇದು ಹಾಳಾದುದು ಹೇಗೆ, ಆ ಕಥೆಯನ್ನು ಹೇಳಬಲ್ಲವರು ಇನ್ನೂ ಯಾರಾದರೂ ಉಳಿದಿರುವರೆ ಎಂಬಿವೇ ಆತನ ಪ್ರಶ್ನೆಗಳು. ಆತನೇ ಕರ್ನಲ್ ಕಾಲಿನ್ ಮೆಕೆಂಜಿ. ಗಡಿನಾಡಿನ ಕನ್ನಡಿಗರಾದ ನಾವು ನಮ್ಮ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಆತನನ್ನು ನೆನೆಯುವುದಕ್ಕೆ ಕಾರಣವುಂಟು. ಇಂದಿನ ಗಡಿಗೆರೆಗಳಾವುವೂ ಇಲ್ಲದ ಕಾಲದಲ್ಲಿ ಆತನು ನಮ್ಮ ನೆಲವನ್ನು ಅಳೆದನು. ಆ ನೆಲದ ನೆನಪುಗಳನ್ನು ನಮ್ಮ ಹಿರಿಯರ ಬಾಯಿಂದಲೇ ಬರೆಯಿಸಿಟ್ಟನು.

ಸ್ಕಾಟ್ಲೆಂಡಿನ ಪಡುವಣ ಕಡಲಿನಲ್ಲಿ ಲೂಯಿಸ್ ಎಂಬುದೊಂದು ದ್ವೀಪ. ಗಾಳಿ ಮಳೆಗಳಿಗೆ ಬಿಡುವಿಲ್ಲದ, ಮರಗಳು ವಿರಳವಾದ ನಾಡು ಅದು. ಅದರ ಬಂದರು ಪಟ್ಟಣವಾದ ಸ್ಟಾರ್ನೊವೆಯಲ್ಲಿ 1754ರ ಸುಮಾರಿಗೆ ಮೆಕೆಂಜಿ ಹುಟ್ಟಿದನು. ತಂದೆ ಅಲ್ಲಿಯ ವರ್ತಕ. ದ್ವೀಪದ ಜನರ ಮನೆಮಾತು ಗೇಲಿಕ್ ಭಾಷೆ; ಆಳುವವರ ಕಚೇರಿಯ ಮಾತು ಇಂಗ್ಲಿಷು. ಮನೆಯಲ್ಲೊಂದು ಮಾತು, ಕಚೇರಿಯಲ್ಲೊಂದು ಮಾತು ಎಂಬುದನ್ನು ಗಡಿನಾಡಿನ ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಆ ದ್ವೀಪದಲ್ಲಿಯೇ ಕಾಲನಿಶ್ ಎಂಬೆಡೆ ಸುಮಾರು ಐದು ಸಾವಿರ ವರ್ಷಗಳಷ್ಟು ಹಳೆಯ ನಿಲುಗಲ್ಲುಗಳ ವೃತ್ತವೊಂದು ಬಯಲಿನಲ್ಲಿ ಇಂದಿಗೂ ನಿಂತಿದೆ. ಅದನ್ನು ನಿಲ್ಲಿಸಿದವರು ಯಾರು, ಅವರು ಯಾವ ಮಾತನ್ನಾಡುತ್ತಿದ್ದರು ಎಂಬುದನ್ನು ಹೇಳಬಲ್ಲ ಒಂದು ಅಕ್ಷರವೂ ಆ ಕಲ್ಲುಗಳ ಮೇಲಿಲ್ಲ. ಮಾತು ಕಳೆದುಹೋದ ಹಾಳು ಎಂಥದೆಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಮೆಕೆಂಜಿ ತಾರುಣ್ಯದಲ್ಲಿ ತನ್ನ ಊರಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದನು. ಗಣಿತದಲ್ಲಿ ಆತನಿಗೆ ಬಲು ಒಲವು. ಲಾಗರಿದಂ ಎಂಬ ಲೆಕ್ಕದ ಕ್ರಮವನ್ನು ಕಂಡುಹಿಡಿದ ಜಾನ್ ನೇಪಿಯರನ ವಂಶದವರು ಆ ಪೂರ್ವಿಕನ ಚರಿತ್ರೆಯನ್ನು ಸಿದ್ಧಪಡಿಸುತ್ತಿದ್ದಾಗ, ಹಿಂದೂಗಳ ಗಣಿತಶಾಸ್ತ್ರದ ವಿಚಾರವಾಗಿ ತಿಳಿಯುವ ಆಸೆ ಆತನಲ್ಲಿ ಬೇರೂರಿತು. 1783ರಲ್ಲಿ, ವಯಸ್ಸು ಮೂವತ್ತರ ಹತ್ತಿರ ಬಂದಿದ್ದಾಗ, ಕುಂಪಣಿ ಸರಕಾರದ ಸೈನ್ಯವನ್ನು ಸೇರಿ ಮದರಾಸಿಗೆ ಬಂದಿಳಿದನು. ಮುಂದೆ 38 ವರ್ಷ ಬದುಕಿದ್ದರೂ ಆತನು ತಾಯ್ನಾಡನ್ನು ಮತ್ತೆ ಕಾಣಲಿಲ್ಲ.

ಸೈನ್ಯದ ಎಂಜಿನಿಯರನಿಗೆ ಶಾಸ್ತ್ರವಿಚಾರಕ್ಕೆ ಬಿಡುವೆಲ್ಲಿ? ಯುದ್ಧ, ಕೋಟೆಗಳ ಮುತ್ತಿಗೆ, ದಾರಿಗಳ ಅಳತೆ, ಇವುಗಳಲ್ಲಿಯೇ ಮೊದಲ ಹತ್ತುಹನ್ನೆರಡು ವರ್ಷಗಳು ಕಳೆದುವು. ಗುಂಟೂರು ಸೀಮೆಯನ್ನು ಅಳೆದನು. ಟೀಪೂ ಸುಲ್ತಾನನೊಡನೆ ನಡೆದ ಯುದ್ಧಗಳಲ್ಲಿ ಕೆಲಸ ಮಾಡಿದನು. ಹೈದರಾಬಾದಿನ ನಿಜಾಮನ ಬಳಿ ಇದ್ದ ಆಂಗ್ಲ ಪಡೆಯ ಎಂಜಿನಿಯರನಾದನು. ಹೋದೆಡೆಯಲ್ಲೆಲ್ಲ ಆತನ ಕಣ್ಣಿಗೆ ಬಿದ್ದುದು ಹಾಳುಗಳು: ಗಿಡ ಬೆಳೆದ ಗೋಪುರಗಳು, ನೀರಿಲ್ಲದ ಪುಷ್ಕರಣಿಗಳು, ಯಾರೂ ಓದಲಾರದ ಶಾಸನಗಳು. ಅವುಗಳ ಅಗಲ ಎತ್ತರಗಳನ್ನು ಅಳೆಯುವುದು ಆತನಿಗೆ ಬರುತ್ತಿತ್ತು. ಅವುಗಳ ಕಥೆಯನ್ನು ಕೇಳುವುದು ಮಾತ್ರ ಬರುತ್ತಿರಲಿಲ್ಲ. ಏಕೆಂದರೆ ಈ ದೇಶದ ಭಾಷೆಗಳಲ್ಲಿ ಆತನಿಗೆ ಕೊನೆಯವರೆಗೂ ಪರಿಣತಿ ದೊರೆಯಲಿಲ್ಲ. ಆ ಕೊರತೆಯನ್ನು ಆತನು ಬಚ್ಚಿಡಲೂ ಇಲ್ಲ.

ಆ ಕೊರತೆಯನ್ನು ತುಂಬಿದವನು ಕಾವಲಿ ವೆಂಕಟ ಬೊರ್ರಯ್ಯ. ಏಲೂರಿನವನಾದ ಈ ಬ್ರಾಹ್ಮಣ ತರುಣನು ಮೆಕೆಂಜಿಯ ಬಳಿ ದ್ವಿಭಾಷಿಯಾಗಿ ಸೇರಿದಾಗ ಇಪ್ಪತ್ತರ ಆಸುಪಾಸಿನವನು. ಹಲವು ಭಾಷೆಗಳನ್ನು ಬಲ್ಲವನು. ಅಪರಿಚಿತರ ವಿಶ್ವಾಸವನ್ನು ಬೇಗನೆ ಗಳಿಸಬಲ್ಲವನು. ಮಠದ ಸ್ವಾಮಿಗಳು, ದೇವಸ್ಥಾನದ ಅರ್ಚಕರು, ಜೈನಬಸದಿಯ ಪಂಡಿತರು, ಹಳ್ಳಿಯ ಶ್ಯಾನುಭೋಗರು, ಇವರೆಲ್ಲರ ಬಾಗಿಲು ಮೆಕೆಂಜಿಗೆ ತೆರೆದುದು ಬೊರ್ರಯ್ಯನ ಮಾತಿನಿಂದ. ಈ ತರುಣನು ಬಂದ ಮೇಲೆಯೇ ತನಗೆ ಭಾರತದ ವಿದ್ಯೆಯ ಬಾಗಿಲು ಕಾಣಿಸಿತೆಂದು ಮೆಕೆಂಜಿ ಮುಂದೆ ಕೃತಜ್ಞತೆಯಿಂದ ನೆನೆದುಕೊಂಡನು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರಿಗೆ ತಾವು ಗೆದ್ದ ನಾಡಿನ ಸ್ವರೂಪವೇ ತಿಳಿದಿರಲಿಲ್ಲ. ಮೈಸೂರು ರಾಜ್ಯದ ಮೋಜಣಿಯ ಹೊಣೆಯು ಮೆಕೆಂಜಿಯ ಪಾಲಿಗೆ ಬಂದಿತು. 1800ರಿಂದ ಮುಂದೆ ಸುಮಾರು ಹತ್ತು ವರ್ಷಗಳ ಪರ್ಯಂತ ಆತನ ತಂಡವು ಸುಮಾರು 40,000 ಚದರ ಮೈಲಿಗಳ ನೆಲವನ್ನು ಅಳೆಯಿತು. ಸರಕಾರವು ಕೇಳಿದ್ದುದು ನಕ್ಷೆಯನ್ನು: ದಾರಿ, ಹೊಳೆ, ಕೆರೆ, ಕೋಟೆ, ಊರುಗಳ ಲೆಕ್ಕವನ್ನು. ಮೆಕೆಂಜಿಯಾದರೋ ನಕ್ಷೆಯ ಜೊತೆಯಲ್ಲಿಯೇ ಊರೂರಿನ ವೃತ್ತಾಂತವನ್ನೂ ಸಂಗ್ರಹಿಸತೊಡಗಿದನು. ಶ್ಯಾನುಭೋಗರ ಬಳಿಯಿದ್ದ, ಬಳಪದಲ್ಲಿ ಬರೆದ ಕಪ್ಪು ಬಟ್ಟೆಯ ಕಡತಗಳನ್ನು ಓದಿಸಿ ನಕಲು ಮಾಡಿಸಿದನು. ಮುದುಕರನ್ನು ಕೂಡಿಸಿ ಅವರು ಹೇಳಿದ್ದನ್ನು ಬರೆಯಿಸಿದನು. ಇಂತಹ ಬರಹಗಳನ್ನೇ ನಾವು ಕೈಫಿಯತ್ತುಗಳೆಂದು ಕರೆಯುವುದು. ಊರು ಹುಟ್ಟಿದ ಬಗೆ, ಕೆರೆ ಕಟ್ಟಿಸಿದವರ ಹೆಸರು, ಪಾಳೆಯಗಾರರ ಜಗಳ, ಬರ, ದಾಳಿ, ದೇವರ ಮಹಿಮೆ, ಇವೆಲ್ಲ ಒಂದರೊಳಗೊಂದು ಬೆರೆತ ಬರಹಗಳವು. ಅವುಗಳಲ್ಲಿ ಐತಿಹ್ಯವೂ ಉಂಟು, ಉತ್ಪ್ರೇಕ್ಷೆಯೂ ಉಂಟು. ಆದರೆ ತನ್ನ ಊರಿನ ವಿಷಯವಾಗಿ ಊರಿನವನೇ ಏನೆಂದುಕೊಂಡಿದ್ದನೆಂಬುದು ಅಲ್ಲಿ ದೊರೆಯುವಷ್ಟು ಬೇರೆಲ್ಲಿಯೂ ದೊರೆಯದು.

ಈ ಕಾಲದಲ್ಲಿಯೇ ಮೆಕೆಂಜಿ ಹಂಪೆಯನ್ನು ಕಂಡುದು. 1565ರ ತಾಳಿಕೋಟೆಯ ಯುದ್ಧದ ತರುವಾಯ ಸುಲಿಗೆಗೆ ಸಿಕ್ಕಿ ಬರಿದಾದ ವಿಜಯನಗರವು ಆಗ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಹಾಳುಬಿದ್ದಿತ್ತು. ನಮ್ಮ ಕಡೆಯ ಜನರ ಬಾಯಲ್ಲಿ ಅದರ ಹೆಸರೇ ಹಾಳುಹಂಪೆ. ಆದರೆ ಆ ಊರನ್ನು ಯಾರೂ ಕಳೆದುಕೊಂಡಿರಲಿಲ್ಲವೆಂಬುದನ್ನು ನೆನಪಿಡಬೇಕು. ವಿರೂಪಾಕ್ಷನಿಗೆ ಪೂಜೆ ನಿಂತಿರಲಿಲ್ಲ. ಯಾತ್ರಿಕರು ಬರುವುದು ತಪ್ಪಿರಲಿಲ್ಲ. ಇಲ್ಲದೆ ಹೋದುದು ಅದರ ಒಟ್ಟು ರೂಪದ ಅರಿವು: ಯಾವ ಗೋಡೆ ಎಲ್ಲಿಗೆ ಸೇರಿತ್ತು, ಅರಮನೆಯೆಲ್ಲಿ, ಪೇಟೆಯೆಲ್ಲಿ ಎಂಬ ತಿಳಿವು. ಮೆಕೆಂಜಿ 1799ರ ಸುಮಾರಿಗೆ ಸಿದ್ಧಪಡಿಸಿದ ಬಣ್ಣದ ನಕ್ಷೆಯು ಆ ಹಾಳುಪಟ್ಟಣವನ್ನು ಅಳತೆಗೆ ತಂದ ಮೊದಲನೆಯ ನಕ್ಷೆ. ರಾಬರ್ಟ್ ಸಿವೆಲನು ವಿಜಯನಗರದ ಚರಿತ್ರೆಯನ್ನು ಅಚ್ಚುಮಾಡಿದುದು 1900ರಲ್ಲಿ. ಹಂಪೆಯು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದುದು 1986ರಲ್ಲಿ. ಇಂದು ಲೋಕದ ಮೂಲೆಮೂಲೆಗಳಿಂದ ಜನ ಬಂದು ನೋಡುವ ಹಂಪೆಗೆ ಮೊದಲ ದಾರಿಗೆರೆಯನ್ನು ಎಳೆದ ಕೈ ಮೆಕೆಂಜಿಯದು.

1803ರಲ್ಲಿ ಬೊರ್ರಯ್ಯನು ಅಕಾಲಮರಣಕ್ಕೆ ಗುರಿಯಾದನು. ಮೂವತ್ತು ವರ್ಷ ಕೂಡ ತುಂಬಿರಲಿಲ್ಲ. ಆತನ ತಮ್ಮನಾದ ಲಕ್ಷ್ಮಯ್ಯನು ಕೆಲಸವನ್ನು ವಹಿಸಿಕೊಂಡು, ಹಲವು ಸೀಮೆಗಳಿಗೆ ಗುಮಾಸ್ತರನ್ನು ಕಳುಹಿಸಿ ಅವರಿಂದ ವರದಿಗಳನ್ನು ತರಿಸುವ ವ್ಯವಸ್ಥೆಯನ್ನು ನಡೆಸಿದನು. ಕನ್ನಡದ ಪಾಲಿಗೆ ಇನ್ನೊಬ್ಬ ಮಹನೀಯನು ದೊರೆತನು: ಮಲೆಯೂರಿನ ಜೈನಪಂಡಿತ ಧರ್ಮಯ್ಯ. ಕಾಲಾಂತರದಲ್ಲಿ ಲಿಪಿಯ ರೂಪ ಮಾರ್ಪಟ್ಟು, ಊರವರಿಗೆ ಒಗಟಾಗಿ ನಿಂತಿದ್ದ ಹಳಗನ್ನಡ ಶಾಸನಗಳನ್ನು ಓದಿ ಅರ್ಥ ಹೇಳುವುದರಲ್ಲಿ ಈತನು ನೆರವಾದನು. ಹೊಲದ ಬದುವಿನಲ್ಲಿ ದನ ಮೈಯುಜ್ಜುತ್ತಿದ್ದ ಕಲ್ಲು ಧರ್ಮಯ್ಯನ ಮುಂದೆ ದಾನಪತ್ರವಾಯಿತು, ವೀರನ ಮರಣದ ಕಥೆಯಾಯಿತು. ಕಲ್ಲು ಮೊದಲಿನದೇ, ಓದುವವನು ಬಂದಿದ್ದನು, ಅಷ್ಟೆ.

ಓದುವವರೂ ಬರೆಯುವವರೂ ಬರುವುದು ತಡವಾದರೆ ಏನಾಗುತ್ತದೆಂಬುದನ್ನು ಮೆಕೆಂಜಿ ಕೃಷ್ಣಾ ತೀರದ ಅಮರಾವತಿಯಲ್ಲಿ ಕಂಡನು. ಅಲ್ಲಿಯ ಜಮೀನ್ದಾರನಾದ ವಾಸಿರೆಡ್ಡಿ ವೆಂಕಟಾದ್ರಿ ನಾಯಡು ಹೊಸ ಪಟ್ಟಣವನ್ನು ಕಟ್ಟಿಸುತ್ತಿದ್ದನು. ಕಲ್ಲಿಗಾಗಿ ಹಳೆಯ ದಿಬ್ಬವೊಂದನ್ನು ಅಗೆದಾಗ ಕೆತ್ತನೆಯ ಬಿಳಿಗಲ್ಲುಗಳು ಹೊರಬಿದ್ದುವು. ಸುದ್ದಿ ತಿಳಿದ ಮೆಕೆಂಜಿ 1798ರಲ್ಲಿ ಹೋಗಿ ನೋಡಿದನು. ಅದು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಬೌದ್ಧಸ್ತೂಪವೆಂಬುದು ಆಗ ಯಾರಿಗೂ ತಿಳಿಯದು. ಬೇರೆ ಕೆಲಸಗಳ ಒತ್ತಡದಲ್ಲಿ ಆತನು ಮತ್ತೆ ಅಲ್ಲಿಗೆ ಹೋಗಲು ಸಾಧ್ಯವಾದುದು 1816ರಲ್ಲಿ. ಅಷ್ಟು ಹೊತ್ತಿಗೆ ದಿಬ್ಬದ ನಡುಭಾಗವನ್ನು ಅಗೆದು ಕೊಳವನ್ನಾಗಿ ಮಾಡಿದ್ದರು; ಕಲ್ಲುಗಳು ಮೆಟ್ಟಿಲುಗಳಿಗೂ ಕಟ್ಟಡಗಳಿಗೂ ಹೋಗಿದ್ದುವು. ಉಳಿದ ಕಲ್ಲುಗಳನ್ನಾದರೂ ಕಾಗದದ ಮೇಲೆ ಉಳಿಸೋಣವೆಂದು ಮೆಕೆಂಜಿಯ ಚಿತ್ರಕಾರರು ಅವುಗಳ ಚಿತ್ರಗಳನ್ನು ಬರೆದರು. ಅಲ್ಲಿಯ ಶಿಲ್ಪಗಳಲ್ಲಿ ಉಳಿದವು ಕೆಲವು ಇಂದು ಮದರಾಸಿನ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿಯೂ ಇವೆ. ಇನ್ನು ಕೆಲವು ಈ ಚಿತ್ರಗಳಲ್ಲಿ ಮಾತ್ರ ಬದುಕಿವೆ. ಹದಿನೆಂಟು ವರ್ಷಗಳ ವಿಳಂಬಕ್ಕೆ ಒಂದು ಮಹಾಸ್ತೂಪವು ತೆತ್ತ ಬೆಲೆಯಿದು.

ಈ ನಡುವೆ 1811ರಲ್ಲಿ ಆಂಗ್ಲರು ಜಾವಾ ದ್ವೀಪದ ಮೇಲೆ ದಂಡೆತ್ತಿ ಹೋದಾಗ ಮೆಕೆಂಜಿಯೂ ಹಡಗನ್ನೇರಬೇಕಾಯಿತು. ಸುಮಾರು ಎರಡು ವರ್ಷ ಅಲ್ಲಿದ್ದನು. 1812ರಲ್ಲಿ ಅಲ್ಲಿಯೇ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬಾಕೆಯನ್ನು ವಿವಾಹವಾದನು. ಅದೇ ವರ್ಷದ ಆರಂಭದಲ್ಲಿ ಪ್ರಾಂಬಾನನ್ ಎಂಬ ಊರಿನಲ್ಲಿ ಕುಸಿದು ಬಿದ್ದು ಕಲ್ಲುಗುಪ್ಪೆಗಳಾಗಿದ್ದ ದೇವಾಲಯಗಳನ್ನು ಕಂಡು ವಿವರವಾಗಿ ಬರೆದನು. ಒಂಬತ್ತನೆಯ ಶತಮಾನದ ಆ ಗುಡಿಗಳಲ್ಲಿ ಶಿವ, ಬ್ರಹ್ಮ, ವಿಷ್ಣುಗಳು ನೆಲೆಸಿದ್ದರು. ದಕ್ಷಿಣ ಭಾರತದ ಗುಡಿಗಳನ್ನು ಇಪ್ಪತ್ತು ವರ್ಷ ನೋಡಿದ್ದ ಕಣ್ಣಿಗೆ ಕಡಲಾಚೆಯ ಆ ಕಲ್ಲುಗಳು ಪರಕೀಯವಾಗಿ ಕಾಣಲಿಲ್ಲ. ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಹೊಂದಿಸಿ 47 ಮೀಟರು ಎತ್ತರದ ಶಿವಾಲಯವನ್ನು ಮತ್ತೆ ನಿಲ್ಲಿಸುವ ಕೆಲಸವು 1953ರಲ್ಲಿ ಪೂರ್ಣಗೊಂಡಿತು. ಹಾಳಾದುದೆಲ್ಲ ಹಾಳಾಗಿಯೇ ಇರಬೇಕಾದುದಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಮಾಡುವುದು ನ್ಯಾಯವಲ್ಲ. ಮೆಕೆಂಜಿ ಸೇವೆ ಸಲ್ಲಿಸಿದುದು ನಮ್ಮನ್ನು ಆಳಬಂದವರಿಗೆ. ಆತನ ನಕ್ಷೆಗಳು ಕಂದಾಯದ ವಸೂಲಿಗೂ ಸೈನ್ಯದ ಸಂಚಾರಕ್ಕೂ ಒದಗಿದುವು. ಜಾವಾದಲ್ಲಿ ಮಲಾಂಗ್ ಸೀಮೆಯ ಸಂಗ್ಗುರಾನ್ ಎಂಬ ಹತ್ತನೆಯ ಶತಮಾನದ ಶಾಸನವನ್ನು ಅದರ ನೆಲೆಯಿಂದ ಕೀಳಿಸಿದವನೂ ಈತನೇ. ಆ ಕಲ್ಲು ಗವರ್ನರ್ ಜನರಲ್ ಮಿಂಟೋ ಪ್ರಭುವಿಗೆ ಕಾಣಿಕೆಯಾಗಿ ಸ್ಕಾಟ್ಲೆಂಡಿಗೆ ಹೋಯಿತು. ತನ್ನನ್ನು ಕದಲಿಸಿದವರಿಗೆ ಕೇಡಾಗಲೆಂಬ ಶಾಪೋಕ್ತಿಯನ್ನು ನಮ್ಮ ಶಾಸನಗಳಂತೆಯೇ ಹೊತ್ತಿದ್ದ ಕಲ್ಲು ಅದು. ಅದನ್ನು ಹಿಂದಿರುಗಿಸಬೇಕೆಂದು ಇಂಡೋನೇಷ್ಯದವರು ಮುಂದೆ ಕೇಳಿದರು. ಅಳೆದು ಬರೆದು ಬಂದೆಡೆ ಆತನು ಉಪಕಾರಿ. ಕಿತ್ತು ಒಯ್ದೆಡೆ ಆತನೂ ಹಾಳುಮಾಡಿದವರ ಸಾಲಿಗೇ ಸೇರಿದನು. ಒಬ್ಬನಲ್ಲಿಯೇ ಎರಡೂ ಇದ್ದುವೆಂಬುದನ್ನು ಒಪ್ಪಿಕೊಂಡೇ ಆತನನ್ನು ನೆನೆಯಬೇಕು.

1815ರಲ್ಲಿ ಮೆಕೆಂಜಿ ಇಡೀ ಭಾರತಕ್ಕೆ ಮೊದಲನೆಯ ಸರ್ವೇಯರ್ ಜನರಲ್ ಆಗಿ ನೇಮಕಗೊಂಡನು. ಮರುವರ್ಷ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಆತನ ಭಾವಚಿತ್ರವೊಂದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿ ತೊಟ್ಟ ಮುದಿ ಅಧಿಕಾರಿ ನಡುವೆ ನಿಂತಿದ್ದಾನೆ. ಸುತ್ತಲೂ ಮೂವರು ಭಾರತೀಯರು. ಒಬ್ಬನ ಕೈಯಲ್ಲಿ ದೂರದರ್ಶಕ, ಇನ್ನೊಬ್ಬನ ಕೈಯಲ್ಲಿ ತಾಳೆಗರಿಯ ಓಲೆ. ಹಿನ್ನೆಲೆಯ ಬೆಟ್ಟದ ಮೇಲೆ ಪುಟ್ಟದಾಗಿ, ಆದರೂ ಸ್ಪಷ್ಟವಾಗಿ, ಗೊಮ್ಮಟಸ್ವಾಮಿ ನಿಂತಿದ್ದಾನೆ. ಅಷ್ಟು ದೇಶಗಳನ್ನು ತಿರುಗಿದವನ ಚಿತ್ರಕ್ಕೆ ಹಿನ್ನೆಲೆಯಾಗಿ ನಿಂತುದು ಕನ್ನಡನಾಡಿನ ಬೆಟ್ಟ.

1817ರಲ್ಲಿ ಆತನು ಕಲ್ಕತ್ತೆಗೆ ಹೋದನು. ಲಕ್ಷ್ಮಯ್ಯನೇ ಮೊದಲಾದ ಪಂಡಿತರೂ ಜೊತೆಗೆ ಹೋದರು. ಸಂಗ್ರಹಿಸಿದ್ದನ್ನೆಲ್ಲ ಕ್ರಮಪಡಿಸಿ ಗ್ರಂಥವಾಗಿ ಬರೆಯಬೇಕೆಂಬ ಆಸೆಯಿತ್ತು. ಆಯುಸ್ಸು ಸಾಲಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ಮೆಕೆಂಜಿ ತೀರಿಕೊಂಡನು. ಅಲ್ಲಿಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಆತನು ಬಿಟ್ಟುಹೋದುದರ ಲೆಕ್ಕವನ್ನು ನೋಡಿದರೆ ಬೆರಗಾಗುತ್ತದೆ: 1,568 ಹಸ್ತಪ್ರತಿಗಳು, 2,070 ಸ್ಥಳವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು. ಕುಂಪಣಿ ಸರಕಾರವು ಅವನ್ನು ಆತನ ಪತ್ನಿಯಿಂದ ಕೊಂಡಿತು, ಎಚ್. ಎಚ್. ವಿಲ್ಸನ್ ಎಂಬ ವಿದ್ವಾಂಸನು 1828ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚುಹಾಕಿಸಿದನು.

ಆದರೆ ಆ ಕೆಲಸವನ್ನು ಬೆನ್ನ ಮೇಲೆ ಹೊತ್ತಿದ್ದವರಿಗೆ ದೊರೆತುದೇನು? ಮೆಕೆಂಜಿಯ ಮರಣಾನಂತರ ಸಂಗ್ರಹಕಾರ್ಯವನ್ನು ತಾನು ಮುಂದುವರಿಸುವೆನೆಂದು ಲಕ್ಷ್ಮಯ್ಯನು ಕೇಳಿಕೊಂಡನು. ಬಹುಕಾಲ ಅದೇ ಕೆಲಸದಲ್ಲಿ ನುರಿತವನು ಆತನು. ಕಲ್ಕತ್ತೆಯ ವಿದ್ವತ್ಸಭೆಯವರಿಗೆ ಇಂತಹ ಹೊಣೆಯನ್ನು ಭಾರತೀಯನೊಬ್ಬನಿಗೆ ವಹಿಸುವುದು ಸರಿಯೆಂದು ತೋರಲಿಲ್ಲ. ಕೆಲಸವು ವಿಲಿಯಂ ಟೇಲರ್ ಎಂಬ ಪಾದ್ರಿಯ ಕೈಗೆ ಹೋಯಿತು. ಸಂಗ್ರಹಕ್ಕೆ ಇಂದಿಗೂ ಮೆಕೆಂಜಿಯ ಹೆಸರೊಂದೇ ಅಂಟಿಕೊಂಡಿದೆ. ಬೊರ್ರಯ್ಯ, ಲಕ್ಷ್ಮಯ್ಯ, ಧರ್ಮಯ್ಯರ ಹೆಸರುಗಳನ್ನು ನಮ್ಮ ಮಕ್ಕಳಿಗೆ ಹೇಳುವ ಕರ್ತವ್ಯ ನಮ್ಮದು.

ಇನ್ನು ನಮ್ಮ ನೆಲದ ಮಾತು. 1800ರಲ್ಲಿ ನಿಜಾಮನು ಕುಂಪಣಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿ, ಆದವಾನಿ, ರಾಯದುರ್ಗ, ಅನಂತಪುರಗಳೆಲ್ಲ ಒಟ್ಟಿಗಿದ್ದುವು. ಅದರ ಮೋಜಣಿಯೂ ಮೆಕೆಂಜಿಯ ಮೇಲ್ವಿಚಾರಣೆಯಲ್ಲಿಯೇ ಆರಂಭವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಒಡೆದಾಗ ಹಂಪೆಯು ಮೈಸೂರಿನ ಕಡೆ ಉಳಿಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದುವು. ಗೆರೆಯನ್ನು ಎಳೆದವರು ಕಲ್ಲುಗಳನ್ನು ಕೇಳಿ ಎಳೆಯಲಿಲ್ಲ. ಮಡಕಶಿರದ ಸೀಮೆಯ ಹೇಮಾವತಿಗೆ ಹೋಗಿ ನೋಡಿರಿ. ಸಾವಿರ ವರ್ಷಗಳ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿಯ ಕಂಬಗಳ ನುಣುಪು, ಜಾಲಂಧ್ರಗಳ ಕುಸುರಿ ಇಂದಿಗೂ ಕಣ್ಣಿಗೆ ಹಬ್ಬ. ಅಲ್ಲಿಯ ಶಾಸನಗಳ ಮಾತು ಕನ್ನಡ. ರಾಯದುರ್ಗದ ಬೆಟ್ಟವನ್ನೇರಿರಿ, ಆದವಾನಿಯ ಕೋಟೆಯನ್ನು ನೋಡಿರಿ, ತಾಳಿಕೋಟೆಯ ಸೋಲಿನ ತರುವಾಯ ವಿಜಯನಗರದ ಅರಸರು ನೆಲೆಸಿದ ಪೆನುಕೊಂಡೆಯಲ್ಲಿ ಒಂದು ಹಗಲು ಕಳೆಯಿರಿ. ಹಾಳೂರನ್ನು ನೋಡಲು ಕಡಲನ್ನು ದಾಟಲೇಬೇಕಾದುದಿಲ್ಲ.

ಗೋಡೆ ಬಿದ್ದ ದಿನ ಊರು ಹಾಳಾಗುವುದಿಲ್ಲ. ಆ ಗೋಡೆಯನ್ನು ತೋರಿಸಿ ಇದು ಇಂಥದು ಎಂದು ಹೇಳಬಲ್ಲ ಕೊನೆಯ ಮನುಷ್ಯನು ಸತ್ತ ದಿನ ಅದು ನಿಜವಾಗಿ ಹಾಳಾಗುತ್ತದೆ. ಮೆಕೆಂಜಿಯ ಗುಮಾಸ್ತರು ಬಂದಾಗ ನಮ್ಮ ಊರುಗಳಲ್ಲಿ ಹೇಳುವವರಿದ್ದರು. ಅವರು ಹೇಳಿದುದು ಬರಹಕ್ಕಿಳಿದು ಉಳಿಯಿತು. ಆ ಕನ್ನಡ ಕೈಫಿಯತ್ತುಗಳನ್ನು ಹಂಪೆಯಲ್ಲಿಯೇ ಇರುವ ಕನ್ನಡ ವಿಶ್ವವಿದ್ಯಾಲಯವು ಅಚ್ಚುಮಾಡಿದೆ. ಇಂದು ನಮ್ಮ ಊರುಗಳಲ್ಲಿ ಹೇಳಬಲ್ಲ ಅಜ್ಜ ಅಜ್ಜಿಯರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಅವರು ಹೇಳುವ ಮಾತು ಕನ್ನಡ. ಕೇಳಬೇಕಾದ ಮೊಮ್ಮಕ್ಕಳಲ್ಲಿ ಕನ್ನಡವನ್ನು ಬರೆಯಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪರದೇಶದಿಂದ ಇನ್ನೊಬ್ಬ ಮೆಕೆಂಜಿ ಬಂದು ಬರೆಯಿಸಿಕೊಳ್ಳಲೆಂದು ನಾವು ಕಾಯಬಾರದು.

ಆದುದರಿಂದ ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಉಪಾಧ್ಯಾಯರಲ್ಲಿಯೂ ಮನೆಯ ಹಿರಿಯರಲ್ಲಿಯೂ ನಮ್ಮದೊಂದು ವಿನಂತಿ. ಈ ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಊರಿನ ಹಾಳುಗುಡಿಗೋ ಹಳೆಯ ಕೋಟೆಗೋ ಕರೆದುಕೊಂಡು ಹೋಗಿರಿ. ಕಲ್ಲಿನ ಮೇಲೆ ತಮ್ಮ ಹೆಸರನ್ನು ಕೊರೆಯದಂತೆ ಬುದ್ಧಿ ಹೇಳಿರಿ. ಜೊತೆಗೆ ಊರಿನ ಒಬ್ಬ ಮುದುಕರನ್ನೂ ಕರೆದೊಯ್ದು ಮಂಟಪದ ನೆರಳಿನಲ್ಲಿ ಕೂಡಿಸಿರಿ. ಮಕ್ಕಳು ಕೇಳಲಿ, ಮುದುಕರು ಹೇಳಲಿ. ಕೇಳಿದ್ದನ್ನು ಮಕ್ಕಳು ಸಂಜೆ ಮನೆಗೆ ಬಂದು ಕನ್ನಡದಲ್ಲಿ ನಾಲ್ಕು ಪುಟ ಬರೆಯಲಿ. ಹಾಗೆ ಬರೆದುದನ್ನು ನಮ್ಮ ಸಂಘಕ್ಕೆ ತಲಪಿಸಿದರೆ ಅದನ್ನು ಜೋಪಾನವಾಗಿ ಇಡುವ ಭಾರ ನಮ್ಮದು.